ರಾಣಿಗೆ ನಾನು ಕೇಳಿದ ಪ್ರಶ್ನೆ

ಮುನ್ನೂರು, ನಾನೂರು ವರ್ಷಗಳ ಹಿಂದೆ ಫ್ರಾನ್ಸಿನ ಲೇಖಕಿಯರು ಪುರಾಣದ ನಾಯಕಿಯರನ್ನು ಹೇಗೆ ಮರಳಿ ಬರೆದರು ಎಂಬುದು ನನ್ನ ಸಂಶೋಧನೆಯ ವಿಷಯ. ಪ್ರಿಯಕರ ಬಿಟ್ಟುಹೋದನೆಂದು ಚಿತೆಯೇರುವ ರಾಣಿಯೊಬ್ಬಳು ಗಂಡಸರ ಕಾವ್ಯದಲ್ಲಿದ್ದಾಳೆ. ಈ ಲೇಖಕಿಯರಲ್ಲಿ ಕೆಲವರಿಗೆ ಅವಳ ಸಾವಿಗಿಂತ ಅದಕ್ಕೂ ಹಿಂದಿನ ಕಥೆ ಮುಖ್ಯವಾಗಿತ್ತು. ಗಂಡನನ್ನು ಕೊಂದ ಅಣ್ಣನ ಕಣ್ಣು ತಪ್ಪಿಸಿ, ಹಡಗು ಹತ್ತಿ, ಬೇರೆ ದಡದಲ್ಲಿ ಊರು ಕಟ್ಟಿದವಳು ಅವಳು. ಕಡಲಾಚೆಯ ಜೂಂಡಲಪ್‌ನ ಕ್ಯಾಂಪಸ್‌ನಲ್ಲಿ ಇದನ್ನು ಓದುವಾಗಲೆಲ್ಲ ನನಗೆ ನಮ್ಮ ಕಡೆಯ ತಾಳಮದ್ದಳೆ ನೆನಪಾಗುತ್ತಿತ್ತು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಮಾತೂ ಇಲ್ಲ. ಕುಳಿತಲ್ಲೇ ಪಾತ್ರವಾಗಿ ವಾದಿಸಬೇಕು. ಎದುರಿನವರು ಕೇಳಿದ್ದಕ್ಕೆ ಉತ್ತರ ಕೊಡಲೇಬೇಕು.

ಕನ್ನಡಿಗರ ಭಾನುವಾರದ ಕೂಟದಲ್ಲಿ ಆ ರಾಣಿಯ ಕಥೆಯನ್ನು ಹಾಗೆ ಆಡೋಣವೆಂದೆ. ಪದ ಹಾಡುವ ಭಾಗವತರು ಸಿಗಲಿಲ್ಲ, ಮಾತಷ್ಟೇ ಇಟ್ಟುಕೊಂಡೆವು. ರಾಣಿಯಾಗಲು ಒಪ್ಪಿದವಳು ಪಿಯಾರಾ ವಾಟರ್ಸ್ ಬಡಾವಣೆಯಲ್ಲಿದ್ದ ಗೆಳತಿ, ಮೈಸೂರಿನವಳು. ಗಂಡ ಅವಳನ್ನು ಹೊಡೆಯುತ್ತಿದ್ದುದು ಇಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಕೂಟದ ನಂತರದ ಮಂಗಳವಾರ ಬೆಳಗಿನ ವಿಮಾನಕ್ಕೆ, ಆರು ವರ್ಷದ ಮಗಳನ್ನು ಕರೆದುಕೊಂಡು, ಅವನಿಗೆ ಹೇಳದೆ ಅಡಿಲೇಡ್‌ನ ಅಕ್ಕನ ಮನೆಗೆ ಹೋಗುವವಳಿದ್ದಳು. ಮಗುವಿನ ಬಟ್ಟೆಗಳು ಒಂದೊಂದಾಗಿ ನನ್ನ ಕೋಣೆ ಸೇರಿದ್ದವು. ಪಾತ್ರ ಬಿಟ್ಟುಕೊಟ್ಟರೆ ಅವನಿಗೆ ಅನುಮಾನ ಬರುತ್ತದೆ ಎಂದಳು. ನಾನೂ ಹೌದೆಂದೆ.

ಮೋರ್ಲಿಯ ಬಾಡಿಗೆ ಹಾಲ್‌ನಲ್ಲಿ ಐವತ್ತು, ಅರವತ್ತು ಜನ. ಮೊದಲ ಸಾಲಿನಲ್ಲಿ ಅವನು, ತೊಡೆಯ ಮೇಲೆ ಮಗಳು. ನಾನು ಅಣ್ಣನ ಪಾತ್ರ. ಮೊದಮೊದಲು ಅವಳು ತೊದಲಿದಳು. "ರಾಣಿಯೋರೇ, ವಾಲ್ಯೂಮ್ ಕಮ್ಮಿ ಇದೆ," ಎಂದು ಹಿಂದಿನಿಂದ ಅಂಕಲ್ ಒಬ್ಬರು ಅಂದಾಗ ಎಲ್ಲರೂ ನಕ್ಕರು. ಆಮೇಲೆ ಮಾತು ಏರಿತು. ನಾನು ಏನು ಕೇಳಿದರೂ ಅವಳಲ್ಲಿ ಉತ್ತರವಿತ್ತು. ಎದುರಾಳಿಯನ್ನು ಮೂಲೆಗೆ ತಳ್ಳುವ ತಾಳಮದ್ದಳೆಯ ಅರ್ಥಧಾರಿಗಳನ್ನು ಕೇಳುತ್ತ ಬೆಳೆದವಳು ನಾನು. ಸೋಲಬಾರದೆಂಬ ಹುರುಪು ಹತ್ತಿತು.

"ಮಕ್ಕಳಿಲ್ಲದ ನೀನು ಯಾರಿಗಾಗಿ ಓಡುತ್ತೀಯೆ?" ಎಂದೆ.

"ಮಗಳಿಗೋಸ್ಕರ," ಎಂದಳು. "ಅವಳ ಬಟ್ಟೆ ಎಲ್ಲಾ ಆಗ್ಲೇ ಹೊರಗೆ ಸೇರಿಸಿದೀನಿ. ನಿನ್ನ ಕಣ್ಣೆದುರಿಗೇ ತಗೊಂಡ್ಹೋದೆ, ನಿಂಗೆ ಗೊತ್ತಾಗ್ಲಿಲ್ಲ."

ಚಪ್ಪಾಳೆ ಬಿತ್ತು. ಅವನು ಮಗುವನ್ನು ಎತ್ತಿಕೊಂಡು ಹೊರಗೆ ನಡೆದ.

ನಾವಿಬ್ಬರೂ ಪಾರ್ಕಿಂಗ್‌ಗೆ ಓಡಿದೆವು. ಒಳಗೆ ಮುಂದಿನ ಹಾಡಿಗೆ ಮೈಕ್ ಸರಿಮಾಡುತ್ತಿದ್ದರು. ಮಗು ಹಿಂದಿನ ಸೀಟಿನಲ್ಲಿತ್ತು, ಎಂಜಿನ್ ಶುರುವಾಗಿತ್ತು. ಅವಳು ಕಾರಿನ ಮುಂದೆ ನಿಂತಳು, ಪಕ್ಕದಲ್ಲಿ ನಾನು. ಅವನು ಗಾಜು ಇಳಿಸಿ, ದನಿ ಏರಿಸದೆ ಕೇಳಿದ: "ಬಟ್ಟೆ ಯಾರ ಮನೇಲಿದೆ?"

ಕಾರು ಮುಂದಕ್ಕೆ ನುಗ್ಗಿ, ಬಂಪರ್ ನನ್ನ ಮೊಣಕಾಲಿಗೆ ತಾಗಿ ನಿಂತಿತು. ಅವನು ಹಿಂದಕ್ಕೆ ತೆಗೆದುಕೊಂಡು ಮತ್ತೆ ಬಂದ. ಈ ಸಲ ನಾನು ಪಕ್ಕಕ್ಕೆ ಹಾರಿದೆ. ಅವಳು ಹಾರಲಿಲ್ಲ. ಅವಳ ಸೀರೆಯ ನೆರಿಗೆಗೆ ತಾಗಿ ಕಾರು ನಿಂತಿತು. "ಮಮ್, ಗೆಟ್ ಇನ್. ಪ್ಲೀಸ್," ಎಂದಿತು ಮಗು. ಅವಳು ಹೋಗಿ ಬಾಗಿಲು ತೆಗೆದು ಒಳಗೆ ಕುಳಿತಳು.

ಪಾತ್ರೆ ತೊಳೆಯುವಾಗ, ರೈಲಿಗೆ ಕಾಯುವಾಗ, ನಾನು ಹಾರಿದ್ದೇ ಕಣ್ಣ ಮುಂದೆ ಬರುತ್ತದೆ. ಅವಳೊಬ್ಬಳೇ ನಿಂತಿರುವುದು ಬರುತ್ತದೆ.

ಪೊಲೀಸರಿಗೆ ಫೋನ್ ಮಾಡಿದೆ. ಅವರು ಮನೆಗೆ ಹೋದಾಗ ಅವಳೇ ಬಾಗಿಲಿಗೆ ಬಂದು, ನಾಟಕದ ಮಾತನ್ನು ಗೆಳತಿ ನಿಜವೆಂದುಕೊಂಡಳು ಎಂದಳಂತೆ. ಮಂಗಳವಾರದ ವಿಮಾನ ಅವಳಿಲ್ಲದೆ ಹೋಯಿತು.

ಚಳಿ ಶುರುವಾದ ಮೇಲೆ ಮೋರ್ಲಿಯ ಮಾಲ್‌ನಲ್ಲಿ ಮೂವರೂ ಎದುರಾದರು. ಟ್ರಾಲಿ ಅವನ ಕೈಯಲ್ಲಿತ್ತು, ಅವಳ ಫೋನೂ.

"ಮತ್ತೆ ಯಾವಾಗ ನಿಮ್ಮ ಪ್ರೋಗ್ರಾಂ?" ಎಂದ ಅವನು, ನಗುತ್ತ. "ಇವಳು ಚೆನ್ನಾಗಿ ಮಾತಾಡಿದ್ಲು."

ಸದ್ಯಕ್ಕೆ ಇಲ್ಲವೆಂದೆ. ಅವಳು ಬಗ್ಗಿ ಮಗುವಿನ ಜಾಕೆಟ್ಟಿನ ಜಿಪ್ ಎಳೆಯುತ್ತಿದ್ದಳು. ಅಕ್ಕನ ಜೊತೆ ಮಾತಾಡಿದೆಯಾ ಎಂದು ಕೇಳಬೇಕೆನಿಸಿತು. ಅವನು ನನ್ನ ಬಾಯನ್ನೇ ನೋಡುತ್ತಿದ್ದ.