ನಿಲಂಗಾದ ಸುಳ್ಳು ತಕ್ಕಡಿ

ನಿಜಾಮರ ರಾಜ್ಯ ಹೋಗಿ ನಾಕೈದು ವರ್ಷ ಆಗಿತ್ತು. ನಾ ತೂಕ-ಮಾಪಿನ ಇನ್ಸ್‌ಪೆಕ್ಟರ್. ನಿಲಂಗಾದ ಪ್ಯಾಟ್ಯಾಗ ಕಿರಾಣಿ ಅಂಗಡಿ ಶಿವಲಿಂಗಪ್ಪನ ತಕ್ಕಡಿ ಎತ್ತಿ ಹಿಡಿದೆ. ಎರಡೂ ಪರಡಿ ಖಾಲಿ ಇದ್ದಾಗೂ ತೂಕದ ಕಲ್ಲು ಇಡೋ ಪರಡಿ ಕೆಳಗ ಜಗ್ಗತಿತ್ತು. ಅಂದ್ರ ಗಿರಾಕಿಗೆ ಮಾಲು ಹೆಚ್ಚು ಹೋಗ್ತಿತ್ತು!

"ನಮ್ಮಪ್ಪನೇ ಹಂಗ ಮಾಡಿಸ್ಯಾನ್ರೀ" ಅಂದ ಅಂವಾ. "ತಪ್ಪಿದ್ರ ನಮ್ಮ ಕಡಿಂದೇ ಹೋಗಲಿ ಅಂತ."

ಸಿಕ್ಕಿಬಿದ್ದ ಅಂದ್ಕೊಂಡೆ. "ರೈತರ ಕಡಿಂದ ಜ್ವಾಳ ಕೊಳ್ಳುವಾಗ ಇದೇ ತಕ್ಕಡಿ ನಿಮಗ ಹೆಚ್ಚು ಕೊಡ್ತದಲ್ಲ?"

"ಆಗ ಭಾರದ ಪರಡ್ಯಾಗ ಜ್ವಾಳ ಹಾಕ್ತೀನ್ರೀ, ಕಲ್ಲು ಹಗೂರ ಪರಡ್ಯಾಗ."

ಕೊಂಡ್ರೂ ಮಾರಿದ್ರೂ ಲುಕ್ಸಾನ್ ತನಗೇ! ನನ್ನ ತಲಿ ಗಿರ್ ಅಂತು. ಕಾಯ್ದೆದಾಗ ಸುಳ್ಳು ತಕ್ಕಡಿ ಸುಳ್ಳೇ. ಅದು ಯಾರಿಗೆ ಮೋಸ ಮಾಡ್ತದ ಅಂತ ಬರಿಯೋ ಖಾನೆ ನನ್ನ ಫಾರ್ಮಿನ್ಯಾಗ ಇದ್ದಿಲ್ಲ. ಕಡಿಗೆ ತಕ್ಕಡಿ ದಂಡಿ ಸಮಾ ಮಾಡಿಸಿ ಸರ್ಕಾರಿ ಮುದ್ರಿ ಹೊಡದೆ.

ಮುಂದಿನ ಸಂತಿ ದಿನ ಹೋದ್ರ, ಬೆಲ್ಲ ಮೊದಲಿಗಿಂತ ಕಡಿಮಿ ಬಂತು ಅಂತ ಮುದುಕಿ ಒಬ್ಬಾಕಿ ಅಂಗಡಿ ಮುಂದ ಜಗಳಾ ತೆಗೆದಿದ್ಲು. ಶಿವಲಿಂಗಪ್ಪ ಮೊದಲು ಮುದ್ರಿ ತೋರಿಸಿದ, ಆಮ್ಯಾಲ ನನ್ನ ಕಡೆ ಕೈ ಮಾಡಿದ.

ಮುದುಕಿ ನನ್ನ ಮ್ಯಾಲಿಂದ ಕೆಳಗಿನ ತನಕ ನೋಡಿದ್ಲು.

"ಏನ್ ಸಾಹೇಬ, ಇದರಾಗ ನಿನ್ನ ಪಾಲು ಎಷ್ಟು?"