ಮೂರನೇ ಮಹಡಿಯ ಭೂಗೋಳದ ಟೀಚರ್

ಮುಂಬೈ ಹತ್ತಿರದ ಠಾಕುರ್ಲಿಯ ನಮ್ಮ ಕಟ್ಟಡದ ಮೂರನೇ ಮಹಡಿಗೆ ನಿವೃತ್ತ ಭೂಗೋಳದ ಟೀಚರೊಬ್ಬರು ಬಂದರು. ಸೊಲ್ಲಾಪುರದ ಕಡೆಯವರು, ಮನೆಮಾತು ಕನ್ನಡ. ನಾವು ಉಡುಪಿಯವರು. ನೆಲಮಹಡಿಯಲ್ಲಿ ನಾನು, ನನ್ನ ಗಂಡ ಮತ್ತು ಅತ್ತೆ. ಗಂಡ ಕಲ್ಯಾಣ ಸ್ಟೇಷನ್ನಿನ ಬಳಿ ವೆಜ್ ಹೋಟೆಲ್ ನಡೆಸುತ್ತಾರೆ.

ವರ್ಗವಾದಲ್ಲೆಲ್ಲ ಟೀಚರ್ ಒಂದಲ್ಲ ಒಂದು ಆಪತ್ತು ಕಂಡಿದ್ದರು. ಲಾತೂರಿನ ಕಡೆ ಭೂಕಂಪವಾದ ಮೇಲೆ ಬೇವಿನ ಮರದಡಿ ಪಾಠ ಮಾಡಿದ್ದರು. ಸಾಂಗ್ಲಿಯಲ್ಲಿ ಕೃಷ್ಣೆ ಉಕ್ಕಿದಾಗ ಶಾಲೆಯ ಅಂಗಳದಲ್ಲಿ ದೋಣಿ ಹತ್ತಿದ್ದರು. ಒಂದು ಸಂಜೆ ನಾನು ಚಪಾತಿ ಲಟ್ಟಿಸುತ್ತಿದ್ದಾಗ, ಕಟ್ಟೆಯ ಮೇಲೆ ಚೆಲ್ಲಿದ್ದ ಹಿಟ್ಟಿನಲ್ಲೇ ಬೆರಳಾಡಿಸಿ ಇಡೀ ಮಹಾರಾಷ್ಟ್ರ ಬರೆದುಬಿಟ್ಟರು.

"ಈ ಕಡಿ ಸಮುದ್ರ, ಬಿರುಗಾಳಿ. ಘಟ್ಟದಾಗ ಗುಡ್ಡ ಕುಸೀತಾವ. ಘಟ್ಟ ದಾಟಿದ್ರ ನಮ್ಮ ಕಡಿ, ಮಳಿನೇ ಇಲ್ಲ. ಆ ತುದೀಗೆ ವಿದರ್ಭ, ಬಿಸಿಲು, ಸಿಡಿಲು."

"ನಮ್ಮ ಠಾಕುರ್ಲಿಗೆ ಎಂತದು?" ಎಂದೆ.

"ನಮಗ ಬಿಲ್ಡಿಂಗ್ ಹಿಂದಿನ ನಾಲಾ. ಸಮುದ್ರ ಉಬ್ಬೋ ಭರತಿ ಹೊತ್ತಿನ್ಯಾಗ ಜೋರ್ ಮಳಿ ಹೊಡದ್ರ, ನಾಲಾ ಹೋಗಿ ಸೇರೋ ಖಾಡಿ ನೀರ ತಗೊಳ್ಳಂಗಿಲ್ಲ. ಹೊಳ್ಳಿ ನಮ್ಮ ಮನೀಗೇ ಕಳಸ್ತದ."

ಅತ್ತೆಗೆ ನಗು ಬಂತು. ಸಮುದ್ರದ ಪಕ್ಕ ಹುಟ್ಟಿದವರಿಗೆ ಸೊಲ್ಲಾಪುರದವರು ಮಳೆಯ ಪಾಠ ಹೇಳುವುದೇ?

ಮುಂದಿನ ಜುಲೈನ ಒಂದು ಭಾನುವಾರ ಬೆಳಗಿನಿಂದ ಮಳೆ ಬಿಡಲಿಲ್ಲ. ಲೋಕಲ್ ರೈಲುಗಳು ನಿಂತವು, ಗಂಡ ಹೋಟೆಲಿನಲ್ಲೇ ಸಿಕ್ಕಿಕೊಂಡರು. ಮಧ್ಯಾಹ್ನ ಬಾಗಿಲು ತೆರೆದರೆ ಟೀಚರ್, ಸೀರೆ ಎತ್ತಿ ಸಿಕ್ಕಿಸಿಕೊಂಡು ನಿಂತಿದ್ದಾರೆ. "ನಾಲಾ ಹಿಂದಕ್ಕ ಹರೀಲಿಕ್ಕತ್ತದ. ಸಿಲಿಂಡರ್ ಬಂದ್ ಮಾಡ್ರಿ, ಮ್ಯಾಲೆ ನಡೀರಿ."

ಮನೆಯೊಳಗೆ ಹನಿ ನೀರಿರಲಿಲ್ಲ. ಅತ್ತೆ ಮಂಚ ಬಿಡಲು ಒಪ್ಪಲಿಲ್ಲ. "ಯಾನ್ ಬರ್ಪುಜಿ," ಎಂದು ತುಳುವಿನಲ್ಲೇ ಹಠ ಹಿಡಿದರು. ಬರುವುದಿಲ್ಲವೆಂದರೆ ಬರುವುದಿಲ್ಲ. ಟೀಚರ್ ಹೆದರಿಸಲೂ ಇಲ್ಲ, ಬೈಯಲೂ ಇಲ್ಲ. ಪಕ್ಕದಲ್ಲಿ ಕೂತು ಅತ್ತೆಯ ಕೈ ಹಿಡಿದು, "ಅವ್ವಾ, ನೀರ್ ದ್ವಾಸಿ ಹೆಂಗ ಹುಯ್ಯೋದು ಅಂತ ತೋರಸ್ತೀನಿ ಅಂದಿದ್ರಿ. ಹಿಟ್ಟ ರುಬ್ಬಿಟ್ಟೀನಿ. ಇವತ್ತ ತೋರಸ್ರಲ್ಲ," ಎಂದರು.

ಅತ್ತೆ, "ಕಾವಲಿ ಕಬ್ಬಿಣದ್ದು ಉಂಟಾ?" ಎಂದು ಕೇಳಿದರು.

ಅವರ ಮಂಡಿ ಬಗ್ಗುವುದಿಲ್ಲ. ಲಿಫ್ಟ್ ಬೇಡವೆಂದು ಟೀಚರ್ ಮೊದಲೇ ಹೇಳಿದ್ದರಿಂದ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಅಕ್ಕಪಕ್ಕದವರೂ ಸೇರಿ ನಾಲ್ವರು ಎತ್ತಿಕೊಂಡು ಹೋದೆವು. ಹೊರಡುವಾಗ ಕೆಳಗೆ ಕಟ್ಟಡದ ಸೊಸೈಟಿಯ ಸೆಕ್ರೆಟರಿ, ಈಗಲೇ ಕರೆಂಟ್ ತೆಗೆಯಬೇಕೇ ಎಂದು ಮೀಟರ್ ರೂಮಿನ ಮುಂದೆ ಅನುಮಾನಿಸುತ್ತಿದ್ದರು. "ಮೇಡಂ, ಅಭೀ ಸೇ ಲೈಟ್ ಬಂದ್?"

"ಅಭೀ," ಎಂದರು ಟೀಚರ್. ಸೆಕ್ರೆಟರಿ ಮೇನ್ ಸ್ವಿಚ್ ಇಳಿಸಿದರು.

ನಮ್ಮ ಮನೆಗೆ ನೀರು ಮುಂಬಾಗಿಲಿನಿಂದ ಬರಲಿಲ್ಲ, ಬಚ್ಚಲಿನ ತೂಬಿನಿಂದ ಉಕ್ಕಿತು. ಸ್ವಲ್ಪ ಹೊತ್ತಿನಲ್ಲೇ ಮೀಟರ್ ರೂಮಿನಲ್ಲಿ ಎದೆಮಟ್ಟ. ಮೂರನೇ ಮಹಡಿಯ ಬಾಲ್ಕನಿಯಿಂದ ನನ್ನ ಚಪ್ಪಲಿ ಸ್ಟ್ಯಾಂಡ್ ಗೇಟಿನತ್ತ ತೇಲಿ ಹೋಗುವುದನ್ನು ನೋಡುತ್ತ ನಿಂತೆ. ಒಳಗೆ ಅತ್ತೆ, "ಹಿಟ್ಟು ದಪ್ಪ ಆಯ್ತು, ನೀರು ಹಾಕಿ," ಎಂದು ಟೀಚರನ್ನು ಗದರುತ್ತಿದ್ದರು. ಆವತ್ತು ಟೀಚರ್ ಮನೆಯಲ್ಲಿ ನೆಲಮಹಡಿಯವರೆಲ್ಲ ಉಂಡೆವು.

ಮರುದಿನ ನೀರಿಳಿಯಿತು, ಗಂಡ ಮನೆ ಸೇರಿದರು. ಫ್ರಿಜ್ ಹೋಯಿತು, ಹಾಸಿಗೆ ಹೋಯಿತು. ಯಾರಿಗೂ ಏನೂ ಆಗಲಿಲ್ಲ. ಪೊರಕೆ ಹಿಡಿದು ಕೆಸರು ತಳ್ಳಲು ಮೊದಲು ಬಂದವರು ಟೀಚರೇ. "ಇಷ್ಟೆಲ್ಲ ನೋಡಿದ್ದೀರಿ, ಹೆದರಿಕೆ ಆಗುವುದಿಲ್ವಾ ನಿಮಗೆ?" ಎಂದು ಕೇಳಿದೆ.

"ಆಗ್ತದರಿ. ನಿನ್ನೆ ನಿಮ್ಮ ಬಾಗಲಾ ಬಡೀವಾಗ ಕೈ ತಣ್ಣಗಾಗಿದ್ವು," ಎಂದು ಹೇಳಿ ಮತ್ತೆ ಗುಡಿಸತೊಡಗಿದರು.

ಆ ವರ್ಷವೇ ಸೆಕ್ರೆಟರಿ ಹಟ ಹಿಡಿದು ಮೀಟರುಗಳನ್ನೆಲ್ಲ ಮೇಲಕ್ಕೆ ಏರಿಸಿ ಕೂರಿಸಿದರು. ಈ ಜೂನಿನಲ್ಲಿ ನಮ್ಮ ಎದುರಿನ ಫ್ಲ್ಯಾಟಿಗೆ ಖಾರಘರದಿಂದ ಹೊಸ ಸಂಸಾರವೊಂದು ಬಾಡಿಗೆಗೆ ಬಂದಿದೆ. ಸಾಮಾನು ಇಳಿಸಿದ ಸಂಜೆಯೇ ನಾಲಾದ ವಿಷಯ ಹೇಳಲು ಟೀಚರ್ ಅವರ ಬೆಲ್ ಒತ್ತಿದರು. ಜೊತೆಗೆ ನಾನೂ ಹೋದೆ.