ಕಾಳಿಟ್ಟು ಕಲಿತ ಇಂಗ್ಲಿಷ್

ಆಳಂದದ ನಮ್ಮ ಮನೆಯ ಪಡಸಾಲೆಯಲ್ಲಿ ಆ ದಿನ ಅಜ್ಜ, ನಮ್ಮ ಮುತ್ಯಾ, ಕಂಬಕ್ಕೆ ಒರಗಿ ಕೂತಿದ್ದ. ಅವನ ಹೆಂಡತಿ ಆಯಿ ಎಲೆಯಡಿಕೆ ತಟ್ಟೆ ಮುಂದಿಟ್ಟುಕೊಂಡಿದ್ದಳು. ಅಫಜಲಪುರದಲ್ಲಿ ಮದುವೆಯೊಂದನ್ನು ಮುಗಿಸಿಕೊಂಡು, ನಮ್ಮನ್ನು ನೋಡಿ ಹೋಗಲೆಂದು ಸುತ್ತು ಹಾಕಿ ಬಂದಿದ್ದ ಜೇವರ್ಗಿಯ ಗಂಡ-ಹೆಂಡತಿ, ದೂರದ ನೆಂಟರು, ಜಮಖಾನೆಯ ಮೇಲಿದ್ದರು. ಅವ್ವ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತಿದ್ದಳು. ಅವಳ ಸೆರಗು ಹಿಡಿದು ನಾನು, ಇನ್ನೂ ಸಾಲೆ ಕಾಣದ ಹುಡುಗಿ. ನಡುವೆ ನೆಲದ ಮೇಲೆ ಅಕ್ಕ, ಅವಳೆದುರು ಮಾಸ್ತರರು.

ನಿಜಾಮನ ರಾಜ್ಯ, ಸಾಲೆಯಲ್ಲಿ ಇಂಗ್ಲಿಷನ್ನೂ ಉರ್ದುವಿನಲ್ಲೇ ಹೇಳಿಕೊಡುತ್ತಿದ್ದರು. ಮನೆಗೆ ಬರುತ್ತಿದ್ದ ಈ ಮುಸಲ್ಮಾನ ಮಾಸ್ತರರು ಮಾತ್ರ ಕನ್ನಡದಲ್ಲಿ ಕಲಿಸುತ್ತಿದ್ದರು, ಅದೂ ಕಾಳಿಟ್ಟು. ನೆಲದ ಮೇಲೆ ಸುಣ್ಣದಲ್ಲಿ ಇಂಗ್ಲಿಷ್ ವಾಕ್ಯ ಬರೆಯುವುದು. ಹೆಸರು ಹೇಳುವ ಪದದ ಕೆಳಗೆ ಜೋಳ, ಕೆಲಸ ಹೇಳುವುದರ ಕೆಳಗೆ ತೊಗರಿ, ಗುಣ ಹೇಳುವುದಕ್ಕೆ ಕಡಲೆ. ‘ದಿ’ಗೆ ಏನಿಡಬೇಕೆಂದು ಅಕ್ಕ ಮೊದಲ ದಿನವೇ ಕೇಳಿದ್ದಳು.

“ಅದು ಚಪರಾಸಿ ಅದವ್ವಾ. ಮುಂದ ಬಂದು ನಿಂದರ್ತದ, ಸಾಹೇಬ ಹಿಂದ ಬರ್ತಾನ. ಚಪರಾಸಿಗಿ ಕಾಳಿಲ್ಲ,” ಅಂದಿದ್ದರು ಮಾಸ್ತರರು.

ಕಲಬುರ್ಗಿಯ ಸೋದರತ್ತೆಯ ಮನೆಯಲ್ಲಿದ್ದು ಹೆಣ್ಣುಮಕ್ಕಳ ಸಾಲೆಗೆ ಹೋಗಬೇಕೆಂಬುದು ಅಕ್ಕನ ಹಟ. ಹಿರಿಯರ ಮುಂದೆ ತಪ್ಪಿಲ್ಲದೆ ಕಾಳಿಟ್ಟರೆ ಕಳಿಸುತ್ತೇನೆಂದು ಮುತ್ಯಾ ಮಾತು ಕೊಟ್ಟಿದ್ದ. ಆ ದಿನ ಜೇವರ್ಗಿಯ ಹಿರಿಯರು ತಾವಾಗಿಯೇ ಬಂದು ಕೂತಿದ್ದರು.

ಮಾಸ್ತರರು ‘ದಿ ಓಲ್ಡ್ ಮ್ಯಾನ್ ಡ್ರಿಂಕ್ಸ್ ಹಾಟ್ ಮಿಲ್ಕ್’ ಎಂದು ಬರೆದು, ಮುದುಕ ಬಿಸಿ ಹಾಲು ಕುಡಿಯುತ್ತಾನೆ ಎಂದು ಅರ್ಥ ಹೇಳಿದರು. ಆ ಮುದುಕ ತಾನೇನಾ ಎಂದು ಮುತ್ಯಾ ಕೇಳಿದ. ಈ ಮನೆಯಲ್ಲಿ ಹಾಲು ಕುಡಿಯುವುದು ಬೆಕ್ಕು ಎಂದು ಆಯಿ ಚುಚ್ಚಿದಳು. ಅಕ್ಕ ನಗಲಿಲ್ಲ. ಮುದುಕನಿಗೆ ಜೋಳ, ಹಾಲಿಗೆ ಜೋಳ, ಕುಡಿಯುವುದಕ್ಕೆ ತೊಗರಿ, ಓಲ್ಡಿಗೂ ಹಾಟಿಗೂ ಕಡಲೆ. ಮಾಸ್ತರರು ಮತ್ತೆ ಬರೆದರು, ಮತ್ತೆ ಇಟ್ಟಳು. ಎಲ್ಲಿಯೂ ಕೈ ತಡೆಯಲಿಲ್ಲ. ಮುತ್ಯಾ ಮೀಸೆ ತೀಡಿಕೊಂಡ.

ಆಗ ಜೇವರ್ಗಿಯ ಹೆಂಗಸು ಎದ್ದಳು. ಬಟ್ಟಲಲ್ಲಿ ಉಳಿದಿದ್ದ ಕಾಳನ್ನು ಬೊಗಸೆ ತುಂಬ ತೆಗೆದು, ಆ ವರ್ಷವಷ್ಟೇ ಸೀರೆ ಉಟ್ಟಿದ್ದ ಅಕ್ಕನ ಸೆರಗಿಗೆ ಸುರಿದಳು.

“ಇಂಥ ಶಾಣ್ಯಾ ಹುಡುಗಿ ನಮ್ಮ ಮನಿಗೇ ಬೇಕ್ರಿ. ಮಗನ ಸಲುವಾಗಿ ಉಡಿ ತುಂಬೇನಿ, ಒಲ್ಲೆ ಅನಬ್ಯಾಡ್ರಿ.”

ಹಿರಿಯರ ಮುಂದೆ ತುಂಬಿದ ಉಡಿಯನ್ನು ಕೊಡವಿದರೆ ಎರಡೂ ಮನೆಗೆ ಕೇಡು ಎನ್ನುವ ಮಂದಿ ನಾವು. ಆಯಿ ಎಲೆಯಡಿಕೆ ತಟ್ಟೆಯನ್ನು ಬೀಗರ ಕಡೆ ಸರಿಸಿಬಿಟ್ಟಳು.

ಅಕ್ಕ ಎರಡೂ ಕೈಯಲ್ಲಿ ಉಡಿ ಹಿಡಿದು ಕೂತಿದ್ದಳು. “ಮುತ್ಯಾ, ಕಲಬುರ್ಗಿ?” ಅಂದಳು.

“ದಿನಮಾನ ಛಲೋ ಇಲ್ಲವ್ವಾ. ಹಾದಿ ನಂಬಂಗಿಲ್ಲ,” ಅಂದ ಮುತ್ಯಾ.

ದಿನಮಾನ ಕೆಟ್ಟಿದ್ದೇನೋ ನಿಜ, ಊರೂರಲ್ಲಿ ಗಲಭೆ. ಆದರೆ ನಮ್ಮೂರಿಂದ ಜೇವರ್ಗಿಗೆ ಹೋಗುವುದೂ ಕಲಬುರ್ಗಿಯ ಮೇಲಿಂದಲೇ. ಒಂದು ವರ್ಷವಾದರೂ ಓದಿಸಿರೆಂದು ಮಾಸ್ತರರು ಕೈಮುಗಿದರು. ನೀವು ಚೆಂದ ಕಲಿಸಿದಿರಿ, ಅದಕ್ಕೇ ಸಂಬಂಧ ಕೂಡಿ ಬಂತು ಎಂದು ಮುತ್ಯಾ ಅವರನ್ನೇ ಹೊಗಳಿದ.

ಮದುವೆಯಾಗಿ ಅಕ್ಕ ಜೇವರ್ಗಿಗೆ ಹೋದ ಮೇಲೆ ಮುತ್ಯಾ ಮಾಸ್ತರರನ್ನು ಮತ್ತೆ ಕರೆಸಿದ. ಆಯಿ ನನ್ನ ತಲೆ ಬಾಚಿ ಅವರೆದುರು ಕೂರಿಸಿ, “ಇಕಿಗೂ ಕಲಿಸ್ರಿ, ಇಕಿಗೂ ಛಲೋ ಮನಿ ಸಿಗಲಿ,” ಅಂದಳು. ಕೊಟ್ಟ ಚಹಾ ಕುಡಿದು, ಮಾಸ್ತರರು ಏನೂ ಬರೆಯದೆ ಎದ್ದು ಹೋದರು.